ಕಿಟಕಿ ಹೊತ್ತ ತೂಕ

“ಹೊಟ್ಟೆ ಎಳ್ಕೋಬೇಡಿ ಸಾರ್, ಟೇಪಿಗೆ ಸುಳ್ಳು ಹೇಳೋಕಾಗಲ್ಲ” ಎಂದು ಗಿರಾಕಿಗಳನ್ನು ಗದರಿಸುವ ದರ್ಜಿ ಮಹಾಶಯರಿಗೆ ಸ್ವಂತ ಮನೆಯಲ್ಲಿ ಚಿಟಿಕೆ ಉಪ್ಪಿಗೂ ಸ್ವಾತಂತ್ರ್ಯವಿರಲಿಲ್ಲ. ಹೃದಯ ಸೋತಿದೆ, ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ದಿನಾ ತೂಕ ನೋಡಿ, ಏರಿದರೆ ತಕ್ಷಣ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಅಂದೇ ತೂಕದ ಯಂತ್ರ ತಂದು, ಬೆಳಕಿರಲೆಂದು ಕಿಟಕಿಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದಳು.

ತೂಕ ಏರಿದರೆ ಮತ್ತೆ ಆಸ್ಪತ್ರೆಯ ಮಂಚ. ನೆನೆದರೇ ದರ್ಜಿಗೆ ಎದೆ ಝಲ್ಲೆನ್ನುತ್ತಿತ್ತು. ಹಾಗಂತ ಉಪ್ಪು ಬಿಡಲಾದೀತೇ? ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿನ ಗುಂಡಿ ಡಬ್ಬಿಯ ತಳದಲ್ಲಿ ಒಂದು ಪೊಟ್ಟಣ ಅಡಗಿತ್ತು. (ಮಧ್ಯಾಹ್ನದ ತಟ್ಟೆ ಅಂಗಡಿಗೇ ಬರುತ್ತಿದ್ದುದು ದೇವರ ದಯೆ.) ಬೆಳಿಗ್ಗೆ ಹೆಂಡತಿ ಬಗ್ಗಿ ಮುಳ್ಳು ನೋಡುವಾಗ ಇವರು ಸದ್ದಿಲ್ಲದೆ ಕಿಟಕಿಯ ಕಟ್ಟೆಗೆ ಅಂಗೈ ಊರುತ್ತಿದ್ದರು. ಮುಳ್ಳು ವಿನಯದಿಂದ ಕೆಳಗಿಳಿಯುತ್ತಿತ್ತು.

“ಇವತ್ತೂ ಇಳಿದಿದೆ ರೀ” ಎಂದು ಅವಳು ಹಿಗ್ಗುವಳು. ಇವರಿಗೋ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಲು ದಿಂಬಿನ ಮೇಲೆ ದಿಂಬು. ಆದರೂ ಬಾಯಿ ಬಿಡಲಿಲ್ಲ.

ಅತಿಯಾಸೆ ಗತಿಗೇಡು. ಒಂದು ದಿನ ಅಂಗೈ ತುಸು ಹೆಚ್ಚೇ ಊರಿತು. ಹೆಂಡತಿ ಟೇಪು ಹಿಡಿದು ಬಂದಳು.

“ಇಷ್ಟು ಇಳಿದಿದ್ದೀರಿ, ಪ್ಯಾಂಟು ಜಾರುತ್ತೆ. ಬನ್ನಿ, ಸೊಂಟ ಸಣ್ಣ ಮಾಡ್ಕೊಡ್ತೀನಿ.”

“ಬೇಡ ಕಣೇ, ಸಡಿಲ ಇದ್ರೆ ಗಾಳಿಯಾಡುತ್ತೆ.”

ಅವಳು ಕೇಳಲಿಲ್ಲ. ಅಳೆದಳು, ಮತ್ತೆ ಅಳೆದಳು. ಸೊಂಟ ಎರಡಿಂಚು ಬೆಳೆದಿತ್ತು.

“ತೂಕ ಇಳಿದ್ರೆ ಸೊಂಟ ಹೇಗ್ರೀ ಬೆಳೆಯುತ್ತೆ?”

“ಅದು ಹಳೇ ಟೇಪು. ಎಳೆದೂ ಎಳೆದೂ ಹಿಗ್ಗಿಹೋಗಿದೆ.”

“ಹಿಗ್ಗಿದ ಟೇಪು ಕಮ್ಮಿ ತೋರಿಸುತ್ತೆ, ಜಾಸ್ತಿ ಅಲ್ಲ” ಎಂದಳು, ಮದುವೆಯಾದಾಗಿನಿಂದ ಅವರ ಪಕ್ಕದಲ್ಲೇ ಕಾಜಾ ಹೊಲಿದವಳು.

ದರ್ಜಿಯ ಪಾಪಿ ಕಣ್ಣು ಕಿಟಕಿಯ ಕಟ್ಟೆಯ ಕಡೆ ಹೋಯಿತು. ಅದರ ಹಿಂದೆಯೇ ಅವಳ ಕಣ್ಣೂ ಹೋಯಿತು. ಅಲ್ಲಿ ಧೂಳಿನ ನಡುವೆ ಒಂದು ಅಂಗೈಯಷ್ಟು ಜಾಗ ಮಾತ್ರ ಫಳಫಳ ಹೊಳೆಯುತ್ತಿತ್ತು.

ಅವಳು ಕುಸಿದು ಕುಳಿತಳು. “ದಿನಾ ಆ ಮುಳ್ಳು ನೋಡಿ, ಗಂಡ ಉಳಿದ ಅಂತ ಕೈ ಮುಗೀತಿದ್ದೆ. ಕಿಟಕಿಗೆ ಮುಗೀತಿದ್ನಾ?” ಎಂದಳು. ದರ್ಜಿಗೆ ನಿಜಕ್ಕೂ ನಾಚಿಕೆಯಾಯಿತು. ಗುಂಡಿ ಡಬ್ಬಿಯನ್ನು ತಾವೇ ತಂದು ಅವಳ ಮುಂದೆ ಸುರಿದರು.

ಡಾಕ್ಟರು ಬೈದರು, ಮಾತ್ರೆ ಬದಲಿಸಿದರು. ನೀರು ಇಳಿಯಿತು, ಉಸಿರು ಹಗುರಾಯಿತು. ತೂಕದ ಯಂತ್ರ ಮಾತ್ರ ಅಂಗಡಿಯ ನಟ್ಟನಡುವೆ, ಯಾವ ಆಸರೆಯೂ ಕೈಗೆಟುಕದಂತೆ ಬಂದು ಕುಳಿತಿದೆ. ದಿನಾ ಬೆಳಿಗ್ಗೆ ಗಿರಾಕಿಗಳೆದುರು ದರ್ಜಿ ಎರಡೂ ಕೈ ಮೇಲೆತ್ತಿ ಅದರ ಮೇಲೆ ನಿಲ್ಲಬೇಕು. ಹೆಂಡತಿ ಟೇಪು ಹಿಡಿದು ಸೊಂಟ ಸುತ್ತುತ್ತಾಳೆ. ಬಗ್ಗಿ ಮುಳ್ಳು ಓದುವ ಕೆಲಸ ಎದುರು ಸಾಲಿನ ಡೊಳ್ಳುಹೊಟ್ಟೆಯ ಬೇಕರಿಯವನದು.

“ಹೊಟ್ಟೆ ಎಳ್ಕೋಬೇಡಿ ಸಾರ್” ಎನ್ನುತ್ತಾನೆ ಅವನು.