ವಾರಿಜಕ್ಕನ ಚೀಲ, ಕಿಟ್ಟಣ್ಣನ ಮುಡಿ

"ಅಕ್ಕ, ನೀವು ನಿಶ್ಚಿಂತೆಯಿಂದ ಊರಿಗೆ ಹೋಗಿ ಬನ್ನಿ. ಈ ಚೀಲ ಇವತ್ತು ಹೇಗೆ ಉಂಟೋ, ನೀವು ಬರುವಾಗಲೂ ಹಾಗೆಯೇ ಉಂಟು. ಒಂದು ಸುಕ್ಕು ಬಿದ್ದರೆ ನಾನು ಕಿಟ್ಟಣ್ಣನೇ ಅಲ್ಲ."

ನಾಸಿಕದ ಬಸ್ ನಿಲ್ದಾಣದ ಎದುರಿಗಿದ್ದ ತನ್ನ ಪುಟ್ಟ ಹೋಟೆಲಿನ ಗಲ್ಲಾ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಿಟ್ಟಣ್ಣ ಈ ಪ್ರತಿಜ್ಞೆ ಮಾಡಿದಾಗ, ಅವನ ಹೆಂಡತಿ ವಸಂತಿ ಒಳಬಾಗಿಲಲ್ಲಿ ನಿಂತು ಮೆಲ್ಲಗೆ ಕಣ್ಣು ಮುಚ್ಚಿಕೊಂಡಳು. ಗಂಡನ ಪ್ರತಿಜ್ಞೆಗಳನ್ನು ಅವಳು ಬಹಳ ಕಂಡವಳು.

ವಸಂತಿಯ ಅಕ್ಕ ವಾರಿಜಾಕ್ಷಿ ಮಾತ್ರ ಕಣ್ಣು ಮುಚ್ಚಲಿಲ್ಲ.

"ಹೆಸರು ಬದಲಾಯಿಸಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ್ರೆ? ಚೀಲ ಇನ್ನೊಂದು ಸಿಗುವುದಿಲ್ಲ."

ಸಿಗುವುದಿಲ್ಲವೆನ್ನುವುದು ನಿಜ. ವಾರಿಜಾಕ್ಷಿಯ ಗಂಡ ಮೋಹನದಾಸ ಔರಂಗಾಬಾದಿನಲ್ಲಿ, ಎಂದರೆ ಈಗ ಛತ್ರಪತಿ ಸಂಭಾಜಿನಗರವೆನ್ನುವ ಊರಿನಲ್ಲಿ, ದೊಡ್ಡ ಹೋಟೆಲು ನಡೆಸುತ್ತಿದ್ದ. ಅಜಂತಾ, ಎಲ್ಲೋರಾ ನೋಡಲು ಬಂದ ಇಟಲಿ ದೇಶದ ಹೆಂಗಸೊಬ್ಬಳು ಅಲ್ಲಿ ಹೊಟ್ಟೆ ಕೆಟ್ಟು ಮಲಗಿಬಿಟ್ಟಾಗ, ವಾರಿಜಾಕ್ಷಿ ಕುಚ್ಚಲಕ್ಕಿಯ ಗಂಜಿಯನ್ನೂ ಮಿಡಿ ಉಪ್ಪಿನಕಾಯಿಯ ರಸವನ್ನೂ ಕೊಟ್ಟು ಅವಳನ್ನು ಎಬ್ಬಿಸಿ ಕೂರಿಸಿದ್ದಳು. ಆ ಪುಣ್ಯಾತ್ಗಿತ್ತಿ ಹೊರಡುವ ದಿನ ತನ್ನ ಚೀಲದಲ್ಲಿದ್ದುದನ್ನೆಲ್ಲ ಹಾಸಿಗೆಯ ಮೇಲೆ ಸುರಿದು, ಬರಿದಾದ ಚೀಲವನ್ನು ವಾರಿಜಾಕ್ಷಿಯ ಕೈಗೆ ಕೊಟ್ಟು ಹೋಗಿದ್ದಳು.

ಎಂಥ ಚೀಲ ಅದು! ಗಟ್ಟಿ ಡಿಕಾಕ್ಷನ್ನಿಗೆ ಒಂದೇ ಒಂದು ಚಮಚ ಹಾಲು ಬಿದ್ದಾಗ ಬರುವಂಥ ಬಣ್ಣ. ಸವರಿದರೆ ಕರುವಿನ ಕಿವಿಯಷ್ಟು ಮೆತ್ತಗೆ. ಮೇಲೆ ಹಿತ್ತಾಳೆಯ ಕೊಂಡಿ, ಮುಚ್ಚಿದರೆ "ಟಿಕ್" ಎಂದು ಅಧಿಕಾರದಿಂದ ನುಡಿಯುವಂಥದ್ದು. ಮೇಜಿನ ಮೇಲಿಟ್ಟರೆ ಯಾರ ಆಸರೆಯೂ ಇಲ್ಲದೆ ಬೆನ್ನು ನೆಟ್ಟಗೆ ಮಾಡಿ, ತಪಾಸಣೆಗೆ ಬಂದ ಇನ್‌ಸ್ಪೆಕ್ಟರರಂತೆ ಕುಳಿತುಕೊಳ್ಳುತ್ತಿತ್ತು. ನಾಲ್ಕು ಮೂಲೆಗಳೂ ಅಳತೆಗೋಲಿಟ್ಟು ಗೆರೆ ಎಳೆದಂತೆ.

ಆ ವರ್ಷ ಎಲ್ಲೋರಾ ರಸ್ತೆಯಲ್ಲಿ ಮೋಹನದಾಸನ ಎರಡನೆಯ ಹೋಟೆಲು ಏಳುತ್ತಿತ್ತು. ನವರಾತ್ರಿಗೆ ಉದ್ಘಾಟನೆ. ಅದರ ಗಲ್ಲಾದಲ್ಲಿ ಕೂರುವವರು ಯಾರು ಎನ್ನುವುದೊಂದೇ ಉಳಿದಿದ್ದ ಪ್ರಶ್ನೆ. ಮೋಹನದಾಸನಿಗೆ ಷಡ್ಡಕ ಕಿಟ್ಟಣ್ಣನ ಮೇಲೆ ಪ್ರೀತಿ. ಎದ್ದು ತಿರುಗಲು ಜಾಗವಿಲ್ಲದ ನಾಸಿಕದ ಹೋಟೆಲಿನಲ್ಲಿ ಬೆವರುತ್ತಿದ್ದ ಕಿಟ್ಟಣ್ಣನಿಗೆ ಆ ಗಲ್ಲಾ ಕನಸಿನಲ್ಲಿಯೂ ಬರುತ್ತಿತ್ತು. ಆದರೆ ಆ ಮನೆಯಲ್ಲಿ ಮುದ್ರೆ ಬೀಳಬೇಕಾದುದು ವಾರಿಜಾಕ್ಷಿಯದು. ಮಗಳ ಬಾಣಂತನಕ್ಕೆಂದು ಚೌತಿಯತನಕ ಊರಿಗೆ ಹೊರಟ ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ಮೊದಲು ಅವರು ಒಂದು ಚೀಲ ನೋಡಿಕೊಳ್ಳಲಿ. ಹೋಟೆಲಿನ ಮಾತು ಆಮೇಲೆ."

ಬಸ್ಸು ಹತ್ತುವ ಮುಂಚೆ ಅವಳು ಇಟಲಿಯವಳು ಕಲಿಸಿದ ಪಾಠವನ್ನು ಒಪ್ಪಿಸಿದಳು. ಚೀಲವನ್ನು ಮೊಳೆಗೆ ತೂಗುಹಾಕಬಾರದು. ಮಲಗಿಸಬಾರದು. ಒಳಗೆ ಮೆತ್ತನೆಯ ಬಿಳಿ ಕಾಗದವನ್ನೋ ಹಳೆಯ ಬಟ್ಟೆಯನ್ನೋ ಹಗುರವಾಗಿ ತುಂಬಿ, ಬಟ್ಟೆಯ ಗವಸು ಹೊದಿಸಿ, ಗಾಳಿಯಾಡುವಲ್ಲಿ ನಿಲ್ಲಿಸಿಡಬೇಕು. ಕಿಟ್ಟಣ್ಣ ಪ್ರತಿ ಮಾತಿಗೂ ತಲೆಯಾಡಿಸಿದ. ಆದರೆ ಗಲ್ಲಾದಲ್ಲಿ ಕುಳಿತವರಿಗೆ ಒಂದು ಅಭ್ಯಾಸವಿದೆ. ಒಬ್ಬರ ಮಾತಿಗೆ ತಲೆಯಾಡಿಸುತ್ತ ಇನ್ನೊಬ್ಬರ ಚಿಲ್ಲರೆ ಎಣಿಸುವುದು. ಪಾಠವು ಚಿಲ್ಲರೆಯ ಸದ್ದಿನಲ್ಲಿ ಕರಗಿಹೋಯಿತು.

ಚೀಲವು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮೊಳೆಗೆ ತೂಗಿತು. ಕೆಲವೇ ದಿನಗಳಲ್ಲಿ ಇನ್‌ಸ್ಪೆಕ್ಟರರ ಬೆನ್ನು ಬಾಗಿತು. ಬಾಯಿ ಹಲ್ಲಿಲ್ಲದ ಅಜ್ಜನಂತೆ ಒಳಕ್ಕೆ ಬಿತ್ತು.

"ನನ್ನ ಹಳೆಯ ನೂಲಿನ ಸೀರೆ ಉಂಟು, ಒಳಗೆ ತುಂಬಿಸುತ್ತೇನೆ," ಎಂದಳು ವಸಂತಿ.

"ಇಟಲಿಯ ಚೀಲಕ್ಕೆ ಹರಕು ಸೀರೆಯಾ? ಮರ್ಯಾದೆ ಬೇಡವಾ?" ಎಂದು ಕಿಟ್ಟಣ್ಣ ಇಡ್ಲಿ ಕಟ್ಟಲು ಇಟ್ಟಿದ್ದ ಮರಾಠಿ ವರ್ತಮಾನ ಪತ್ರಿಕೆಗಳನ್ನು ತುರುಕಿದ. ಮಾರನೆಯ ವಾರ ತೆಗೆದು ನೋಡಿದರೆ, ಪಿಂಪಳಗಾಂವದ ಈರುಳ್ಳಿಯ ಧಾರಣೆಯೆಲ್ಲ ಚೀಲದ ರೇಷ್ಮೆಯ ಒಳಮೈಯ ಮೇಲೆ ತಿರುವುಮುರುವಾಗಿ ಅಚ್ಚಾಗಿತ್ತು. ವಸಂತಿ ಬ್ರೆಡ್ಡಿನ ತುಂಡು ತಂದು ಅದನ್ನು ತಿಕ್ಕಿ ತಿಕ್ಕಿ ತೆಗೆದಳು. ಆ ತಿಕ್ಕುವ ಸದ್ದು ಕಿಟ್ಟಣ್ಣನಿಗೆ ಬೈಗಳಿಗಿಂತ ಜಾಸ್ತಿ ಕೇಳಿಸಿತು.

ಅಷ್ಟರಲ್ಲಿ ಶ್ರಾವಣದ ಮಳೆ ಹಿಡಿಯಿತು. ಹೊರಗೆ ಮಳೆ, ಒಳಗೆ ಇಡ್ಲಿ ಪಾತ್ರೆಯ ಹಬೆ. ಕಿಟ್ಟಣ್ಣನ ಹೊಸ ಚಪ್ಪಲಿಯ ಮೇಲೆ ಹಸಿರು ಬೂಷ್ಟು ಎದ್ದಿತು. ಬೆಲ್ಟಿನ ಮೇಲೆ ಎದ್ದಿತು. ಮುಂದಿನ ಸರದಿ ಯಾರದೆಂದು ಯೋಚಿಸಿದಾಗ ಅವನ ಕಣ್ಣಿನ ಮುಂದೆ ಎಲ್ಲೋರಾ ರಸ್ತೆಯ ಗಲ್ಲಾಕ್ಕೂ ಬೂಷ್ಟು ಹಿಡಿಯಿತು.

ಆಗ ಅವನ ದೃಷ್ಟಿ ಅಟ್ಟದ ಮೇಲೆ ಬಿತ್ತು. ಅಲ್ಲಿ ಕಳೆದ ಸಲ ಊರಿಗೆ ಹೋದಾಗ ಅವನೇ ಕಟ್ಟಿ ತಂದ ಸಣ್ಣದೊಂದು ಅಕ್ಕಿಮುಡಿ ಕುಳಿತಿತ್ತು.

ಮುಡಿಯನ್ನು ಕಾಣದವರಿಗಾಗಿ ಒಂದು ಮಾತು. ಕರಾವಳಿಯಲ್ಲಿ ಅಕ್ಕಿಯನ್ನು ಬತ್ತದ ಹುಲ್ಲಿನೊಳಗಿಟ್ಟು, ಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು, ಮರದ ಕೊಡತಿಯಿಂದ ಸುತ್ತಲೂ ಬಡಿದು, ಕಲ್ಲಿನಂತೆ ಗಟ್ಟಿಯಾದ ಉಂಡೆ ಮಾಡುತ್ತಾರೆ. ಅಂಥ ಮುಡಿಯೊಳಗೆ ಹುಳ ಹೋಗದು, ತೇವ ಹೋಗದು. ಅದನ್ನು ಕಟ್ಟುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಕಿಟ್ಟಣ್ಣನಿಗೆ ಬರುತ್ತಿತ್ತು. ಅವನ ಕೈಯ ಮುಡಿಯನ್ನು ಗುಡ್ಡದಿಂದ ಉರುಳಿಸಿದರೂ ಒಂದು ಕಾಳು ಚೆಲ್ಲುವುದಿಲ್ಲವೆಂದು ಊರಲ್ಲಿ ಹೆಸರಿತ್ತು.

"ವಸಂತಿ, ನಮ್ಮ ಹಿರಿಯರು ದಡ್ಡರಲ್ಲ," ಎಂದು ಅವನು ಘೋಷಿಸಿದ. "ವರ್ಷವಿಡೀ ಮಳೆಗೆ ಜಗ್ಗದ್ದು ಮುಡಿ. ಚೀಲವನ್ನು ಮುಡಿ ಕಟ್ಟುತ್ತೇನೆ."

"ಮುಡಿ ಉರುಟು. ಚೀಲ ಚೌಕ."

"ಒಳಗೆ ಅಕ್ಕಿ ತುಂಬಿದ ಮೇಲೆ ಚೀಲ ಎಲ್ಲಿಗೆ ಹೋಗುತ್ತದೆ ಹೇಳು. ಇದ್ದಲ್ಲೇ ಇರುತ್ತದೆ."

ನಾಸಿಕದಲ್ಲಿ ದ್ರಾಕ್ಷಿ ಉಂಟು, ಈರುಳ್ಳಿ ಉಂಟು, ಬತ್ತದ ಹುಲ್ಲು ಎಲ್ಲಿಂದ? ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಬೀದರಿನ ರೇವಣಪ್ಪ ನೆರವಾದ. ಅವನು ಹೋಟೆಲಿನ ನಿತ್ಯದ ಗಿರಾಕಿ. ಇಗತ್‌ಪುರಿಯ ಗದ್ದೆಗಳ ಕಡೆಯಿಂದ ಬರುವ ಬಸ್ಸಿನ ತಲೆಯ ಮೇಲೆ ಒಂದು ಹೊರೆ ಹುಲ್ಲು ಬಂದಿಳಿಯಿತು. ಹೋಟೆಲಿನ ಹಿಂದಿನ ಅಂಗಳದಲ್ಲಿ ಕಿಟ್ಟಣ್ಣ ಪಂಚೆ ಎತ್ತಿ ಕಟ್ಟಿದ. ಚೀಲದ ಒಳಗೆ ಅಕ್ಕಿ ತುಂಬಿದ. "ಟಿಕ್." ಹೊರಗೂ ಅಕ್ಕಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಹಗ್ಗ. ಆಮೇಲೆ ಕೊಡತಿ.

ಬಡಿತದ ಸದ್ದಿಗೆ ರೇವಣಪ್ಪ ಚಹದ ಬಟ್ಟಲು ಹಿಡಿದೇ ಹಿಂದಕ್ಕೆ ಬಂದ.

"ಏನ್ರಿ ಇದು ಕಿಟ್ಟಣ್ಣನವರ, ಯಾರಿಗಿ ಬಡೀಲಿಕ್ಕತ್ತೀರಿ?"

"ಚೀಲಕ್ಕೆ."

"ಅದೇನ್ ತಪ್ಪು ಮಾಡ್ಯದರಿ, ಪಾಪ?"

"ಆಕಾರ ಕೆಡಬಾರದು ಅಂತ ಬಡಿಯುತ್ತಿದ್ದೇನೆ."

ರೇವಣಪ್ಪ ಚಹ ಕುಡಿದು ಮುಗಿಸುವವರೆಗೆ ಯೋಚಿಸಿದ. "ನಮ್ಮ ಸಾಲ್ಯಾಗ ಮಾಸ್ತರ್ ನನಗೂ ಹಿಂಗೇ ಹೇಳ್ತಿದ್ದರ್ರಿ," ಎಂದು ಹೊರಟುಹೋದ.

ಆದರೂ ಒಪ್ಪಬೇಕು, ಮುಡಿ ಸಿದ್ಧವಾದಾಗ ಅದನ್ನು ನೋಡಲು ಎರಡು ಕಣ್ಣು ಸಾಲದಾಗಿದ್ದವು. ಚಿನ್ನದ ಬಣ್ಣದ ಹುಲ್ಲು, ಹಗ್ಗದ ಒಂದೊಂದು ಸುತ್ತೂ ಪಕ್ಕದ ಸುತ್ತಿಗೆ ಒತ್ತಿ ಕುಳಿತು, ಎಲ್ಲಿ ಆರಂಭ ಎಲ್ಲಿ ಕೊನೆ ತಿಳಿಯದು. ಗಿರಾಕಿಗಳು ಕೈ ತೊಳೆಯುವ ನೆಪದಲ್ಲಿ ಒಳಗೆ ಬಂದು ನೋಡಿ ಹೋದರು. ಮರಾಠಿ ಶಾಲೆಯಲ್ಲಿ ಓದುತ್ತಿದ್ದ ಮಗಳು ಸುಗುಣಾ ಕೂಡ "ಬಾಬಾ, ಲಯ್ ಭಾರೀ" ಎಂದು ಸರ್ಟಿಫಿಕೇಟು ಕೊಟ್ಟಳು. ವಸಂತಿಯೇ ಅದನ್ನೊಮ್ಮೆ ಮೆಲ್ಲಗೆ ಸವರಿ, "ಕೈ ಮಾತ್ರ ನಿಮ್ಮದು ಚಿನ್ನದ ಕೈ," ಎಂದಳು. ಕೂಡಲೇ, "ಒಂದು ಸುಣ್ಣದ ಬೊಟ್ಟು ಇಡಿ, ಗುರುತಿಗೆ. ಅಟ್ಟದ ಮೇಲಿನ ಇನ್ನೊಂದು ಮುಡಿಯೂ ನೀವೇ ಕಟ್ಟಿದ್ದು," ಎಂದಳು.

"ಹೆತ್ತ ಮಗುವಿಗೆ ಯಾರಾದರೂ ಗುರುತು ಹಾಕುತ್ತಾರಾ ಮಾರಾಯ್ತಿ?" ಎಂದು ಕಿಟ್ಟಣ್ಣ ಹೊಸ ಮುಡಿಯನ್ನೂ ಅಟ್ಟದ ಮೇಲೆ ಹಳೆಯದರ ಪಕ್ಕದಲ್ಲೇ ಕೂರಿಸಿದ.

ಚೌತಿಯ ಹೊತ್ತಿಗೆ ಮೋಹನದಾಸನಿಂದ ಮಾತು ಬಂತು: ಕುಚ್ಚಲಕ್ಕಿ ಮುಗಿದಿದೆ, ಒಂದು ಮುಡಿ ಇದ್ದರೆ ಕಳಿಸು. ಕಿಟ್ಟಣ್ಣ ತಾನೇ ಅಟ್ಟ ಹತ್ತಿದ. ತಾನೇ ಮುಡಿ ಇಳಿಸಿದ. ತಾನೇ ಹೆಗಲ ಮೇಲೆ ಹೊತ್ತು ಔರಂಗಾಬಾದಿನ ಬಸ್ಸಿಗೆ ಹಾಕಿ, ಕಂಡಕ್ಟರನಿಗೆ ಜಾಗ್ರತೆ ಹೇಳಿ ಬಂದ.

ವಾರಿಜಾಕ್ಷಿ ಊರಿನಿಂದ ಮರಳಿದ್ದು ಅದರ ಮರುದಿನವೇ. ಮುಂಬಯಿಯ ಬಸ್ಸಿನಿಂದ ಇಳಿದವಳು ಕಾಫಿ ಕುಡಿದು, ಮೊಮ್ಮಗುವಿನ ಮೂಗು ಯಾರ ಹಾಗಿದೆಯೆಂದು ಹೇಳಿ, ಕೈ ಚಾಚಿದಳು. "ಎಲ್ಲಿ, ಚೀಲ?"

ಕಿಟ್ಟಣ್ಣ ಈ ಕ್ಷಣಕ್ಕಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮುಡಿಯನ್ನು ಚಾಪೆಯ ಮೇಲಿಟ್ಟು, ಮಳೆಗಾಲದ ಬೂಷ್ಟನ್ನು ವರ್ಣಿಸಿ, ಹಿರಿಯರ ವಿದ್ಯೆಯನ್ನು ಸ್ತುತಿಸಿ, ಹಗ್ಗವನ್ನು ಕೊಯ್ದ. ಅಕ್ಕಿ ಸುರಿಯಿತು. ಅವನು ನಕ್ಕ. ಮತ್ತೆ ಅಕ್ಕಿ ಸುರಿಯಿತು. ನಗು ಸಣ್ಣದಾಯಿತು. ಅವನು ಮೊಣಕೈಯವರೆಗೆ ಕೈ ಹಾಕಿ ತಡಕಾಡಿದ. ಅಕ್ಕಿ, ಅಕ್ಕಿ, ಅಕ್ಕಿ. ಮೇಲಿಂದ ಕೆಳತನಕ ಅಪ್ಪಟ ಕುಚ್ಚಲಕ್ಕಿ.

"ಹೆತ್ತ ಮಗು," ಎಂದಳು ವಸಂತಿ, ಯಾರಿಗೂ ಅಲ್ಲವೆಂಬಂತೆ.

"ನಮ್ಮ ಅಡುಗೆಯವ ಮುಡಿ ಬಿಚ್ಚುವುದಿಲ್ಲ," ಎಂದಳು ವಾರಿಜಾಕ್ಷಿ ಬಹಳ ಶಾಂತವಾಗಿ. "ಕತ್ತಿಯಿಂದ ನಡುವಿಗೇ ಹೊಡೆಯುತ್ತಾನೆ."

ಮೋಹನದಾಸನ ಫೋನು ಯಾರೂ ಎತ್ತಲಿಲ್ಲ. ರೇವಣಪ್ಪ ಮುಂದಿನ ಬಸ್ಸಿನಲ್ಲಿಯೇ ಎರಡು ಸೀಟು ಕೊಡಿಸಿದ. ಯೇವಲಾದಲ್ಲಿ ಬಸ್ಸು ಪೈಠಣಿ ಸೀರೆಯ ಅಂಗಡಿಯ ಎದುರಿಗೇ ನಿಂತಿತು. ವಾರಿಜಾಕ್ಷಿ ಆ ಕಡೆ ತಿರುಗಿಯೂ ನೋಡಲಿಲ್ಲ. ಪರಿಸ್ಥಿತಿ ಎಷ್ಟು ಗಂಭೀರವೆಂದು ಕಿಟ್ಟಣ್ಣನಿಗೆ ಪೂರ್ತಿ ಅರ್ಥವಾದದ್ದು ಆಗಲೇ. ಅಲ್ಲಿಂದ ಮುಂದೆ ಅವನು ಕಣ್ಣು ಮುಚ್ಚಿ ಊರಿನ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆಯತೊಡಗಿದ.

ಹೋಟೆಲಿನ ಅಡುಗೆಮನೆಗೆ ಅವರು ನುಗ್ಗಿದಾಗ ಮುಡಿ ನೆಲದ ಮೇಲಿತ್ತು. ಅದರ ಮೇಲೆ ಅಡುಗೆಯವ ಕತ್ತಿ ಎತ್ತಿದ್ದ. ಪಕ್ಕದಲ್ಲಿ ಮೋಹನದಾಸ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ಹೊಡೆಯಬೇಡ," ಎಂದು ಕಿಟ್ಟಣ್ಣ ಮುಡಿಯನ್ನು ತಬ್ಬಿಕೊಂಡು ಬಿದ್ದ. "ಒಳಗೆ ಚೀಲ ಉಂಟು."

"ಮಧ್ಯಾಹ್ನದಿಂದ ಮೂರು ಸಲ ಹೊಡೆದಾಯಿತು," ಎಂದ ಮೋಹನದಾಸ ಮೆಚ್ಚುಗೆಯಿಂದ. "ಕತ್ತಿಯ ಬಾಯಿ ಹೋಯಿತು. ಮುಡಿಗೆ ಏನೂ ಆಗಲಿಲ್ಲ. ಎಂಥ ಕಟ್ಟು ಮಾರಾಯ ನಿನ್ನದು."

ಕಿಟ್ಟಣ್ಣ ಸುತ್ತು ಸುತ್ತಾಗಿ ಹಗ್ಗ ಬಿಚ್ಚಿದ. ಹುಲ್ಲು ಸರಿಯಿತು. ಅಕ್ಕಿ ಜಾರಿತು. ಚೀಲ ಹೊರಬಂತು. ಬೂಷ್ಟಿನ ಸುಳಿವಿಲ್ಲ. ತೇವದ ಕಲೆಯಿಲ್ಲ. ಹಿತ್ತಾಳೆಯ ಕೊಂಡಿ ದೀಪದಂತೆ ಹೊಳೆಯುತ್ತಿತ್ತು. ಚರ್ಮಕ್ಕೆ ಒಣ ಹುಲ್ಲಿನ ಪರಿಮಳ ಹಿಡಿದಿತ್ತು. ಒಂದು ಸುಕ್ಕು ಕೂಡ ಇರಲಿಲ್ಲ. ಸುಕ್ಕು ಬೀಳಲು ಜಾಗವೇ ಇರಲಿಲ್ಲ. ಮೂಲೆಗಳು ನಾಲ್ಕೂ ಮಾಯವಾಗಿ, ಚೀಲವು ಹಿಡಿಕೆಯಿರುವ ಒಂದು ಕುಂಬಳಕಾಯಿಯಾಗಿತ್ತು.

ವಾರಿಜಾಕ್ಷಿ ಅದನ್ನು ಮೇಜಿನ ಮೇಲಿಟ್ಟಳು. ಅದು ಕುಳಿತುಕೊಳ್ಳಲಿಲ್ಲ. ನಿಧಾನವಾಗಿ ಉರುಳಿ ಕಿಟ್ಟಣ್ಣನ ಹೊಟ್ಟೆಗೆ ತಾಗಿ ನಿಂತಿತು. ಎರಡೂ ಒಂದೇ ಅಳತೆ.

ಅವಳು ಚೀಲ ತೆರೆದು ಮೂಸಿದಳು. ಒಳಗೆ ಬೆರಳಾಡಿಸಿದಳು. "ಟಿಕ್" ಎಂದು ಮುಚ್ಚಿದಳು.

"ಒಂದು ಮಾತು ನಿಜ," ಎಂದಳು ಕೊನೆಗೆ ಗಂಡನ ಕಡೆ ತಿರುಗಿ. "ಇವರ ಕೈಯಲ್ಲಿ ಕೊಟ್ಟದ್ದು ಹಾಳಾಗುವುದಿಲ್ಲ. ಆದರೆ ವಾಪಸು ಕೊಟ್ಟಾಗ ಗುರುತು ಸಿಗುವುದಿಲ್ಲ. ಗಲ್ಲಾ ಬೇಡ. ಉಗ್ರಾಣ ಕೊಡಿ. ಅಕ್ಕಿ ಬೇಳೆ ಉರುಟಾದರೆ ಯಾರೂ ಕೇಳುವುದಿಲ್ಲ."

ಹಾಗೆ ಕಿಟ್ಟಣ್ಣ ಎಲ್ಲೋರಾ ರಸ್ತೆಯ ಹೋಟೆಲಿನ ಉಗ್ರಾಣಾಧಿಪತಿಯಾದ. ಅವನ ಆಳ್ವಿಕೆಯಲ್ಲಿ ಒಂದು ಕಾಳಿಗೂ ಹುಳ ಹಿಡಿಯಲಿಲ್ಲವೆಂದು ಮೋಹನದಾಸ ಕಂಡವರಿಗೆಲ್ಲ ಹೇಳುತ್ತಿದ್ದ. ವಾರಿಜಾಕ್ಷಿ ಉದ್ಘಾಟನೆಯ ದಿನ ಆ ಉರುಟು ಚೀಲವನ್ನೇ ಹಿಡಿದು ಬಾಗಿಲಲ್ಲಿ ನಿಂತಳು. ಬಂದ ಹೆಂಗಸರೆಲ್ಲ ಇದು ಇಟಲಿಯ ಹೊಸ ಫ್ಯಾಷನ್ನೇ ಇರಬೇಕೆಂದು ಬೆರಗಾದರು. ಅವಳು ಅಲ್ಲವೆನ್ನಲಿಲ್ಲ. ಮರುದಿನ ಅದನ್ನು ವಸಂತಿಯ ಮಡಿಲಿಗೆ ಹಾಕಿದಳು.

ವಸಂತಿ ಹಳೆಯ ನೂಲಿನ ಸೀರೆಯನ್ನು ಹದವಾಗಿ ಮಡಿಸಿ, ಮೂಲೆ ಮೂಲೆಗೆ ಮೆತ್ತಗೆ ಒತ್ತಿ ತುಂಬಿದಳು. ಗವಸು ಹೊದಿಸಿ ಕಿಟಕಿಯ ಬಳಿ ನಿಲ್ಲಿಸಿದಳು. ಆಗಾಗ ತೆಗೆದು, ಸವರಿ, ಮತ್ತೆ ತುಂಬಿದಳು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಂದು ಮೂಲೆ ಹುಟ್ಟಿತು. ಯುಗಾದಿಗೆ ಇನ್ನೊಂದು. ಬೇಸಗೆಯ ಒಂದು ಸಂಜೆ ಇನ್‌ಸ್ಪೆಕ್ಟರರು ಮತ್ತೆ ಬೆನ್ನು ನೆಟ್ಟಗೆ ಮಾಡಿ ಮೇಜಿನ ಮೇಲೆ ಕುಳಿತರು. ಕಿಟ್ಟಣ್ಣ ಅದನ್ನು ಎಲ್ಲ ಕಡೆಯಿಂದಲೂ ನೋಡಿದ. ಹೆಂಡತಿಯ ಕೈಗಳನ್ನೂ ನೋಡಿದ.

"ಚಿನ್ನದ ಕೈ ಅಂದರೆ ಇದು," ಎಂದ. ರಾತ್ರಿ ಊಟಕ್ಕೆ ಎಲೆಯ ಮುಂದೆ ಕುಳಿತಾಗ ಕೇಳಿದ: "ಚೀಲ ಅಂತೂ ಮೊದಲಿನ ಆಕಾರಕ್ಕೆ ಬಂತು. ನನ್ನ ಗಲ್ಲಾದ ವಿಷಯ ಅಕ್ಕನ ಹತ್ತಿರ ಎತ್ತಿ ನೋಡಬಾರದಾ?"

"ಎತ್ತಿದೆ."

"ಎಂತ ಹೇಳಿದರು?"

"ಧಾರಾಳವಾಗಿ ಕೂರಲಿ ಅಂದರು. ಚೀಲದ ಹಾಗೆಯೇ ನೀವೂ ಮೊದಲಿನ ಆಕಾರಕ್ಕೆ ಬಂದ ದಿನ."

"ನನ್ನ ಮೊದಲಿನ ಆಕಾರ ಅಕ್ಕನಿಗೆ ಎಲ್ಲಿ ನೆನಪುಂಟು?"

"ನಮ್ಮ ಮದುವೆಯ ಫೋಟೋ ಒಂದು ಅವರ ಹತ್ತಿರ ಉಂಟಂತೆ," ಎಂದಳು ವಸಂತಿ, ಗಂಡನ ಎಲೆಗೆ ಇನ್ನೊಂದು ಸೌಟು ಕುಚ್ಚಲಕ್ಕಿ ಅನ್ನ ಬಡಿಸುತ್ತ.