ಆರುನೂರು ಡಿಗ್ರಿಯ ಕೂದಲು

ಇಷ್ಟೆಲ್ಲ ರಗಳೆಗೆ ಕಾರಣ ಒಂದೇ ಒಂದು ಕೂದಲು. ಪರೀಕ್ಷೆಗೆ ಬಂದಿದ್ದ ಪ್ಲಾಸ್ಟಿಕ್ ಪೈಪಿನ ಚೂರಿಗೆ ಅದು ಅಂಟಿಕೊಂಡಿತ್ತು. ಮೈಕ್ರೋಸ್ಕೋಪಿನ ಮೇಡಂ ಅದನ್ನು ಚಿಮುಟದಲ್ಲಿ ಎತ್ತಿ ಹಿಡಿದದ್ದೇ ತಡ, ಲ್ಯಾಬಿನ ಅನಲಿಸ್ಟನ ಎದೆ ಧಸಕ್ಕೆಂದಿತು. ಅದು ಅವನ ವಿಗ್ಗಿನದು. ಆ ಗುಟ್ಟು ಹೆಂಡತಿಯೊಬ್ಬಳನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಆಫೀಸಿನಲ್ಲಂತೂ, ತಲೆಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳುವವರೇ ಎಲ್ಲ.

ಗದ್ದಲ ಕೇಳಿ ನಿರ್ದೇಶಕರೂ ಬಂದರು. ಇದು ಕೂದಲೋ ನೂಲೋ ಎಂದು ಮೇಡಂ ವಾದಕ್ಕಿಳಿದಾಗ, ಮಷೀನೇ ಹೇಳಲಿ, ಹಾಕಿ ನೋಡಿ ಎಂದು ಅವರು ಕೂದಲನ್ನು ಅನಲಿಸ್ಟನ ಕೈಗೇ ಕೊಡಿಸಿಬಿಟ್ಟರು.

ಮಷೀನೆಂದರೆ ಪೈರೋಲೈಸರ್. ಅದರ ಮುಂದೆ ನಿಂತಾಗಲೆಲ್ಲ ಅನಲಿಸ್ಟನಿಗೆ ಕೈಮುಗಿಯಬೇಕೆನಿಸುತ್ತಿತ್ತು. ಸಾಸಿವೆಗಿಂತ ಸಣ್ಣ ಚೂರನ್ನು ಪುಟ್ಟ ಬಟ್ಟಲಲ್ಲಿಟ್ಟು ಆರುನೂರು ಡಿಗ್ರಿಯ ಕುಲುಮೆಗೆ ಇಳಿಬಿಟ್ಟರೆ ಬೆಂಕಿಯಿಲ್ಲ, ಹೊಗೆಯಿಲ್ಲ, ರೆಪ್ಪೆ ಬಡಿಯುವಷ್ಟರಲ್ಲಿ ಆವಿ. ಆ ಆವಿ ಸಪೂರ ನಳಿಗೆಯೊಳಗೆ ಹರಿದು, ಬಿಡಿಬಿಡಿಯಾಗಿ ಹೊರಬಂದು, ಪರದೆಯ ಮೇಲೆ ಒಂದೊಂದೇ ಶಿಖರವಾಗಿ ಏಳುತ್ತಿತ್ತು. ಕಣ್ಣೆದುರೇ ಇಲ್ಲವಾದ ವಸ್ತು ತಾನು ಯಾರೆಂದು ಹೇಳಿಹೋಗುವ ಆ ಸೋಜಿಗ ಅವನಿಗೆ ಎಂದೂ ಹಳತಾಗಿರಲಿಲ್ಲ. ಇವತ್ತು ಮಾತ್ರ ಮಷೀನು ಮನೆಬಾಗಿಲಿಗೆ ಬಂದ ಪೊಲೀಸಿನವನಂತೆ ಕಂಡಿತು.

ಅಷ್ಟರಲ್ಲಿ ನಿರ್ದೇಶಕರ ಕೋಟಿನ ಹೆಗಲ ಮೇಲೆ ಒಂದು ಕರಿಗೂದಲು ಕಣ್ಣಿಗೆ ಬಿತ್ತು. ಧೂಳು ಕೊಡಹುವ ನೆಪದಲ್ಲಿ ಅದನ್ನು ಎತ್ತಿಕೊಂಡ. ಎಲ್ಲರಿಗೂ ಬೆನ್ನು ಮಾಡಿ, ತನ್ನದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿ, ಅವರದನ್ನು ಬಟ್ಟಲಿಗೆ ಹಾಕಿದ. ನಿಜವಾದ ಕೂದಲೆಂದು ಮಷೀನು ಹೇಳಿದರೆ ಎಲ್ಲರೂ ಚಹಾಕ್ಕೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು.

ಬಟ್ಟಲು ಇಳಿಯಿತು. ಹರಟುತ್ತಿದ್ದವರೆಲ್ಲ ಪರದೆಯ ಸುತ್ತ ನೆರೆದರು. ಮೊದಲ ಶಿಖರ ಏಳುತ್ತಲೇ ಅನಲಿಸ್ಟನಿಗೆ ತಿಳಿದುಹೋಯಿತು. ಇದು ಕೂದಲಿನ ಗುರುತಲ್ಲ. ಎರಡನೆಯದು ಇನ್ನೂ ಎತ್ತರಕ್ಕೆದ್ದಿತು.

ಮೇಡಂ ಪರದೆಗೆ ಮೂಗು ತಾಗಿಸಿ ಓದಿದರು. "ವಿಗ್ ಮಾಡೋಕೆ ಬಳಸೋ ನೂಲು ಅಂತಿದೆಯಲ್ಲ ಸಾರ್."

ಅದಲುಬದಲಾಯಿತೇ ಎಂದು ಅನಲಿಸ್ಟ್ ಜೇಬು ಮುಟ್ಟಿ ನೋಡಿಕೊಂಡ. ಪೊಟ್ಟಣ ಅಲ್ಲೇ ಇತ್ತು. ಮೆಲ್ಲಗೆ ತಲೆಯೆತ್ತಿ ನಿರ್ದೇಶಕರನ್ನು ನೋಡಿದ. ಅವರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ತಲೆಯವರೆಗೂ ಹೋದ ಕೈ ಕಿವಿ ಕೆರೆದು ಕೆಳಗಿಳಿಯಿತು. ಒಂದೆಳೆ ಕೂದಲಿನಿಂದ ಎಂಥೆಂಥವರ ಗುಟ್ಟನ್ನು ಎಳೆದುಹಾಕುತ್ತದಲ್ಲ ಈ ಮಷೀನು ಎಂದು, ಆ ಭಯದಲ್ಲೂ ಅವನು ಬೆರಗಾದ.

"ಯಾರದಿದು?" ಎನ್ನುತ್ತ ಮೇಡಂ ಒಂದೊಂದೇ ತಲೆಯನ್ನು ಪರೀಕ್ಷಿಸುತ್ತ ಬಂದರು. ನಿರ್ದೇಶಕರ ಸರದಿ ಬರುವುದರಲ್ಲಿತ್ತು. ಅವರು ಕಣ್ಣಲ್ಲೇ ಅಂಗಲಾಚುತ್ತಿದ್ದರು. ಅನಲಿಸ್ಟನಿಗೆ ಕರುಳು ಚುರುಕ್ಕೆಂದಿತು.

"ನಂದು ಮೇಡಂ," ಎಂದು ವಿಗ್ ತೆಗೆದು ಮೇಜಿನ ಮೇಲಿಟ್ಟ.

ಎಲ್ಲರ ಕಣ್ಣೂ ಆ ಬೋಳುತಲೆಯ ಮೇಲೆ ನೆಟ್ಟವು. ನಿರ್ದೇಶಕರು ಮಾತ್ರ ದೀರ್ಘವಾಗಿ ಉಸಿರುಬಿಟ್ಟು, ಕೋಟು ಸರಿಮಾಡಿಕೊಂಡು, ಗಂಭೀರವಾಗಿ ಹೇಳಿದರು:

"ಇನ್ಮೇಲೆ ಲ್ಯಾಬಿನೊಳಗೆ ಯಾರೂ ವಿಗ್ ಹಾಕ್ಕೊಂಡು ಬರೋ ಹಾಗಿಲ್ಲ. ದಿನಾ ಬಾಗಿಲಲ್ಲಿ ನಿಂತು ನಾನೇ ಒಬ್ಬೊಬ್ಬರ ಕೂದಲು ಎಳೆದು ನೋಡ್ತೀನಿ."