ಕೂಗದ ಕೋರ್ಟು

ಕುರುಗೋಡಿನ ಹಾಲಸಿದ್ದಪ್ಪ ಮೇಷ್ಟ್ರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅವರಿಗೇ ಎಲ್ಲರ ಮೇಲೂ ಸಿಟ್ಟು. ಅದರಲ್ಲೂ ಬಳ್ಳಾರಿಯ ಕೋರ್ಟಿನ ಮಂದಿಯನ್ನು ನೆನೆದರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಐದು ವರ್ಷದಿಂದ ತಪ್ಪದೆ ವಾಯಿದೆಗೆ ಹೋಗುತ್ತಿದ್ದರೂ ಆ ಕೋರ್ಟಿನವರು ಒಂದು ಸಲವಾದರೂ ಬಾಗಿಲಿಗೆ ಬಂದು ಅವರ ಹೆಸರು ಕೂಗಿರಲಿಲ್ಲ.

ಖಟ್ಲೆ ಒಂದು ಕಿಟಕಿಯದು. ಮೇಷ್ಟ್ರ ಮನೆಗೂ ಕೊಟ್ರಬಸಪ್ಪನ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಒಂದು ಕಿಟಕಿ. ಕೊಟ್ರಬಸಪ್ಪ ಮೇಷ್ಟ್ರ ಜೊತೆ ಗೋಲಿ ಆಡಿ ಬೆಳೆದವನು. ದಿನಾ ಬೆಳಿಗ್ಗೆ ಆ ಕಿಟಕಿಗೆ ಮುಖ ಇಟ್ಟು, “ಲೇ ಹಾಲ್ಯಾ, ಎದ್ದೀ ಏನಲೇ?” ಎಂದು ಕೂಗುತ್ತಿದ್ದ. ಮೇಷ್ಟ್ರ ಹೆಂಡತಿ ಸುವರ್ಣಮ್ಮ ತೀರಿಕೊಂಡ ತಿಂಗಳು ಅವರಿಗೆ ಯಾರ ದನಿಯೂ ಬೇಡವಾಗಿತ್ತು. ಒಂದು ದಿನ, “ಸಾಕು, ಮುಚ್ಚೋ ನಿನ್ನ ಕಿಟಕಿ!” ಎಂದು ರೇಗಿಬಿಟ್ಟರು. ಕೊಟ್ರಬಸಪ್ಪನೂ ಸಿಟ್ಟಿಗೆ ಕಡಿಮೆಯವನಲ್ಲ. ಮರುದಿನವೇ ಇಟ್ಟಿಗೆ, ಗಾರೆ ತರಿಸಿ ಮುಚ್ಚಿಯೇ ಬಿಟ್ಟ.

ವಾರ ಕಳೆಯುವಷ್ಟರಲ್ಲಿ ಮೇಷ್ಟ್ರಿಗೆ ಮನೆ ಬಣಗುಟ್ಟತೊಡಗಿತು. ಪಕ್ಕದ ಬಾಗಿಲಿಗೆ ಹೋಗಿ, “ತಪ್ಪಾತು, ತೆಗಿಯೋ ಮಾರಾಯಾ” ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಬೇರೆಯವರ ತಪ್ಪು ತಿದ್ದಿದ ಮನುಷ್ಯ, ತಮ್ಮದನ್ನು ಒಪ್ಪಿಕೊಂಡಾರೇ? ಗಾಳಿ ಬೆಳಕಿಗೆ ಅಡ್ಡಿಯಾಗಿದೆ ಎಂದು ದಾವಾ ಹಾಕಿದರು.

ಊರಿಗೆಲ್ಲ ಅವರು ಬರೀ ‘ಮೇಷ್ಟ್ರು’. ಸುವರ್ಣಮ್ಮನಾದರೂ ಗಂಡನ ಹೆಸರು ಬಾಯಿಗೆ ತಂದವಳಲ್ಲ, ‘ಏನ್ರೀ’ ಅನ್ನುತ್ತಲೇ ಬಾಳಿ ಹೋದಳು. ಹಾಜರಿ ಪುಸ್ತಕ ಹಿಡಿದು ಊರ ಮಕ್ಕಳ ಹೆಸರೆಲ್ಲ ಕೂಗಿದ್ದ ಮೇಷ್ಟ್ರಿಗೆ, ಕಿಟಕಿ ಮುಚ್ಚಿದ ಮೇಲೆ, ತಮ್ಮ ಹೆಸರು ಕೂಗುವ ಒಂದು ಗಂಟಲೂ ಉಳಿದಿರಲಿಲ್ಲ. ಉಳಿದದ್ದು ಕೋರ್ಟಿನ ಜವಾನ ಹುಲುಗಪ್ಪನದು ಮಾತ್ರ. ಹುಲುಗಪ್ಪ ಬಾಗಿಲಿಗೆ ಬಂದು ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗುವನು. ಪ್ರತಿ ಸಲವೂ ಮೇಷ್ಟ್ರು ಶಲ್ಯ ಸರಿಮಾಡಿಕೊಂಡು ಎದ್ದು ನಿಲ್ಲುವರು. ಹೆಸರು ಇನ್ನಾರದೋ. ಸಂಜೆಗೆ ಬೆಂಚ್ ಗುಮಾಸ್ತ ಚಿದಾನಂದಪ್ಪ ಕೂತಲ್ಲಿಂದಲೇ ತಲೆ ಎತ್ತದೆ, “ಮುಂದಿನ ವಾಯಿದೆಗೆ ಬರ್ರಿ ಮೇಷ್ಟ್ರೇ” ಎಂದು ಸಾಗಹಾಕುವನು. ವರಾಂಡದ ಆ ತುದಿಯಲ್ಲಿ ಪ್ರತಿವಾದಿ ಕೊಟ್ರಬಸಪ್ಪ, ತೊಡೆಯ ಮೇಲೆ ಖಾಲಿ ಎಣ್ಣೆ ಡಬ್ಬಿ ಇಟ್ಟುಕೊಂಡು ಕೂತಿರುವನು. ಕೋರ್ಟು ಮುಗಿದ ಮೇಲೆ ಬ್ರೂಸ್‌ಪೇಟೆಯಲ್ಲಿ ಡಬ್ಬಿ ತುಂಬಿಸಿಕೊಂಡು, ಮೇಷ್ಟ್ರು ಹತ್ತಿದ ಬಸ್ಸಿಗೇ ಹತ್ತಿ ಮುಖ ತಿರುಗಿಸಿ ಕೂರುವನು. ಐದು ವರ್ಷ ಹೀಗೇ ನಡೆದಿತ್ತು.

ಐವತ್ತಮೂರನೆಯ ಇಸವಿಯ ಆ ಸೋಮವಾರ ಮೇಷ್ಟ್ರು ಸುಮ್ಮನೆ ಬರಲಿಲ್ಲ. ಐನೂರು ಕರಪತ್ರ ಅಚ್ಚು ಹಾಕಿಸಿಕೊಂಡು ಬಂದರು. ತಲೆಬರಹ ‘ಕೂಗದ ಕೋರ್ಟು’. ಕೆಳಗೆ, ‘ಜವಾನ ಹುಲುಗಪ್ಪನಿಗೆ ಗಂಟಲಿಲ್ಲ! ಗುಮಾಸ್ತ ಚಿದಾನಂದಪ್ಪನಿಗೆ ಕಣ್ಣಿಲ್ಲ! ಮಹಾಜನರೇ, ಕೇಳುವವರು ಯಾರು?’ ಇಷ್ಟು ಸಾಲದೆಂದು ಸಿರುಗುಪ್ಪದ ಟೆಂಟ್ ಸಿನಿಮಾಕ್ಕೆ ತಮಟೆ ಬಾರಿಸುವ ದುರುಗಣ್ಣನನ್ನೂ ಕರೆಸಿದ್ದರು.

ಗೇಟಿನ ಹೊರಗೆ ಹುಣಸೆಮರದ ಕೆಳಗೆ ನಿಂತು ದುರುಗಣ್ಣ ಕೇಳಿದ, “ಏನಂತ ಸಾರ್ಬೇಕ್ರಿ?”

“ಕೋರ್ಟಿನ್ಯಾಗ ಹೆಸರು ಕೂಗಂಗಿಲ್ಲ ಅಂತ ಸಾರು.”

“ಅದ್ರಾಗ ಹೊಡೆದಾಟ ಐತೇನ್ರಿ?”

“ಇಲ್ಲ.”

“ಹೋಗ್ಲಿ, ಹಾಡು?”

“ಇಲ್ಲಪ್ಪಾ!”

“ಹಂಗಾದ್ರ ಮಂದಿ ನಿಲ್ಲಂಗಿಲ್ರಿ. ಒಂದೀಟು ನಾನೇ ಸೇರಿಸ್ತೀನಿ ಬಿಡ್ರಿ,” ಎಂದು ತಮಟೆಗೆ ಕೋಲು ಇಟ್ಟ. “ಕೇಳ್ರಪ್ಪೋ ಕೇಳ್ರಿ! ಕುರುಗೋಡು ಮೇಷ್ಟ್ರ ಭಾರೀ ಖಟ್ಲೆ! ನಗು ಐತಿ, ಅಳು ಐತಿ, ಇವತ್ತೊಂದೇ ದಿನ!”

ಮಂದಿ ಬಂದರು. ಆಗ ಊರ ತುಂಬ ಒಂದೇ ಮಾತು, ಬಳ್ಳಾರಿ ಸೇರುವುದು ಮೈಸೂರಿಗೋ ಆಂಧ್ರಕ್ಕೋ ಎಂದು. ತಮಟೆ ಅದಕ್ಕೇ ಇರಬೇಕೆಂದು ಒಬ್ಬ ನುಗ್ಗಿ ಬಂದ. “ಏನಂತ ಆತ್ರಿ ತೀರ್ಮಾನ?”

“ಇದು ಕಿಟಕಿ ವಿಷಯ ನೋಡಪ್ಪಾ,” ಅಂದರು ಮೇಷ್ಟ್ರು.

“ಕಿಟಕಿ ಮೈಸೂರಿಗೆ ಹೋತೇನ್ರಿ?” ಅಂದ ಅವನು. ಸುತ್ತಲಿನವರು ಘೊಳ್ಳೆಂದು ನಕ್ಕರು. ಮೇಷ್ಟ್ರಿಗೆ ಮೈ ಉರಿಯಿತು, ಆದರೂ ಕರಪತ್ರ ಹಂಚುವುದನ್ನು ಬಿಡಲಿಲ್ಲ.

ಓದಿದವರು ಯಾರೂ ಇಲ್ಲ. ಮೆಣಸಿನಕಾಯಿ ಬಜ್ಜಿ ಮಾರುವ ಈರಮ್ಮ ಮಾತ್ರ ಕೇಳಿ ಕೇಳಿ ನೂರು ಇಸಕೊಂಡಳು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. “ನಿನಗೊಬ್ಬಾಕಿಗಾದ್ರೂ ನನ್ನ ಸಂಕಟ ತಿಳೀತಲ್ಲವ್ವಾ.”

“ಸಂಕಟ ಗೊತ್ತಿಲ್ರಿ ಮೇಷ್ಟ್ರೇ, ಕಾಗದ ಚಲೋ ದಪ್ಪ ಐತಿ. ಎಣ್ಣಿ ಇಳಿಯಂಗಿಲ್ಲ,” ಎಂದಳು ಈರಮ್ಮ, ಬಿಸಿ ಬಜ್ಜಿ ಕಟ್ಟುತ್ತಾ. ಒಂದೆರಡು ಪೊಟ್ಟಣ ಕೋರ್ಟಿನ ಒಳಕ್ಕೂ ಹೋದವು.

ಹನ್ನೊಂದೂವರೆಯ ಹೊತ್ತಿಗೆ ದುರುಗಣ್ಣನಿಗೆ ಕೈ ಕಾವೇರಿತ್ತು. ಆಗ ನೋಡಿ, ಕೋರ್ಟಿನ ಮೆಟ್ಟಿಲಿಳಿದು ಕೊಟ್ರಬಸಪ್ಪ ಓಡಿ ಬಂದ. ಕಂಕುಳಲ್ಲಿ ಡಬ್ಬಿ, ಬಿಚ್ಚಿದ ಪಂಚೆ ಒಂದು ಕೈಯಲ್ಲಿ, ಇನ್ನೊಂದು ಕೈ ಮೇಲಕ್ಕೆತ್ತಿ ಬೀಸುತ್ತಿದ್ದಾನೆ, ಮುಖ ಕೆಂಪಗಾಗಿದೆ. ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ.

“ಬೈಯಾಕ ಬಂದ ನೋಡು!” ಮೇಷ್ಟ್ರು ದುರುಗಣ್ಣನ ಕಿವಿಯಲ್ಲಿ ಕಿರುಚಿದರು. “ಜೋರು ಬಾರಿಸು! ಒಂದಕ್ಷರ ಕೇಳಿಸಬಾರದು!”

ದುರುಗಣ್ಣ ಬಾರಿಸಿದ ಹೊಡೆತಕ್ಕೆ ಮರದ ಕಾಗೆಗಳೆಲ್ಲ ಹಾರಿದವು. ಕೊಟ್ರಬಸಪ್ಪ ಮತ್ತೆ ಮತ್ತೆ ಬಾಯಿ ತೆರೆದ. ಮೇಷ್ಟ್ರು ಬೆನ್ನು ತಿರುಗಿಸಿದರು. ಕೊನೆಗೆ ಅವನು ಪಂಚೆ ಕಟ್ಟಿಕೊಂಡು ತಲೆ ತಗ್ಗಿಸಿ ಹಿಂದಕ್ಕೆ ಹೋದ. ಐದು ವರ್ಷದಲ್ಲಿ ಮೊದಲ ಸಲ ಗೆದ್ದಷ್ಟು ಸಂತೋಷವಾಯಿತು ಮೇಷ್ಟ್ರಿಗೆ.

ತಮಟೆ ನಿಂತ ಮೇಲೆ ಹುಲುಗಪ್ಪ ಗಂಟಲು ನೀವಿಕೊಳ್ಳುತ್ತಾ ಬಂದ. “ಎಲ್ಲಿದ್ರಿ ಮೇಷ್ಟ್ರೇ? ನಿಮ್ಮ ಖಟ್ಲೆ ವಜಾ ಆತಲ್ರಿ!”

“ವಜಾ?”

“ಗುಮಾಸ್ತರು ಬಜ್ಜಿ ತಿನ್ನಾಕತ್ತಿದ್ರು. ಪೊಟ್ಟಣದ ಮ್ಯಾಲ ತಮ್ಮ ಹೆಸರೇ! ಓದಿ ಸಿಟ್ಟಿಗೆದ್ದು, ತಳದಾಗಿದ್ದ ನಿಮ್ಮ ಫೈಲು ಮ್ಯಾಲ ಇಟ್ಟು, ‘ಗಂಟಲಿಲ್ಲ ಅಂದಾರ, ತೋರಿಸಲೇ ಹುಲುಗ್ಯಾ’ ಅಂದ್ರು. ಕುರುಗೋಡು ಹಾಲಸಿದ್ದಪ್ಪಾ ಅಂತ ಮೂರು ಸಲ ಕೂಗಿದೀನ್ರಿ. ನನ್ನ ಜನ್ಮದಾಗ ಹಂಗ ಕೂಗಿಲ್ಲ. ಈ ತಮಟಿ ಗದ್ದಲದಾಗ ಯಾರಿಗೆ ಕೇಳಬೇಕು? ನಿಮ್ಮ ವಕೀಲರೂ ಇರಲಿಲ್ಲ. ವಾದಿ ಗೈರುಹಾಜರಿ ಅಂತ ಜಡ್ಜ್ ಸಾಹೇಬ್ರು ಬರದ್ರು.”

ಮೇಷ್ಟ್ರು ಹುಣಸೆಮರಕ್ಕೆ ಒರಗಿ ಕೂತರು. ಐದು ವರ್ಷ ಕಾದ ಹೆಸರು, ಬಂದು ಹೋಗಿತ್ತು.

“ಪಾಪ, ಆ ಪ್ರತಿವಾದಿ ಮುದುಕ ಚಲೋ ಮನುಷ್ಯಾರಿ,” ಎಂದ ಹುಲುಗಪ್ಪ. “ಸುಮ್ಮನ ಕುಂತಿದ್ರೂ ಗೆಲ್ಲತಿದ್ದ. ಗುಮಾಸ್ತರ ಕೈಕಾಲು ಹಿಡಿದು, ‘ಒಂದ್ನಿಮಿಷ ತಡೀರಿ ಸ್ವಾಮಿ, ಕರಕೊಂಡು ಬರ್ತೀನಿ’ ಅಂತ ತಾನೇ ಓಡಿ ಬಂದನಲ್ರಿ. ನನ್ನ ಬಾಜೂಕ ಮೆಟ್ಟಿಲಿಳೀತಾ ‘ಲೇ ಹಾಲ್ಯಾ, ಲೇ ಹಾಲ್ಯಾ’ ಅಂತ ಎಷ್ಟು ಕೂಗಿದ ಅಂತೀರಿ!”

ಮೇಷ್ಟ್ರು ತಟ್ಟನೆ ಎದ್ದು ನಿಂತರು. “ಹಾಲ್ಯಾ ಅಂದನಾ?”

“ಅಂದಾ ರೀ.”

“ಖಟ್ಲೆ ಮತ್ತ ತೆಗಸಾಕ ಅರ್ಜಿ ಹಾಕ್ರಿ ಮೇಷ್ಟ್ರೇ,” ಎಂದು ದುರುಗಣ್ಣ ಧೈರ್ಯ ತುಂಬಿದ. “ಏನೂ ಕೇಳಂಗಿರಲಿಲ್ಲ ಅಂತ ನಾನೇ ಸಾಕ್ಷಿ ಹೇಳ್ತೀನಿ.”

ಮೇಷ್ಟ್ರು ಬಸ್ ನಿಲ್ದಾಣಕ್ಕೆ ಓಡಿದರು. ಕುರುಗೋಡು ಬಸ್ಸಿನಲ್ಲಿ ಕೊಟ್ರಬಸಪ್ಪ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ. ಬ್ರೂಸ್‌ಪೇಟೆಗೆ ಹೋದ ಹಾಗಿರಲಿಲ್ಲ, ತೊಡೆಯ ಮೇಲಿನ ಡಬ್ಬಿ ಖಾಲಿ. ಮೇಷ್ಟ್ರು ಅವನ ಹಿಂದಿನ ಸೀಟಿನಲ್ಲೇ ಕೂತರು. ಬಸ್ಸು ಊರು ದಾಟುವ ತನಕ ಶಲ್ಯ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು.

“ಲೇ ಕೊಟ್ರ್ಯಾ,” ಅಂದರು ಕೊನೆಗೆ.

ಅವನು ತಿರುಗಲಿಲ್ಲ.

“ಲೇ ಕೊಟ್ರ್ಯಾ, ತಪ್ಪು ನಂದೇ ಐತಲೇ.”

ಕೊಟ್ರಬಸಪ್ಪನ ಬೆನ್ನು ಸ್ವಲ್ಪ ನೆಟ್ಟಗಾಯಿತು. ಮೇಷ್ಟ್ರಿಗೆ ಆಸೆ ಹುಟ್ಟಿತು. ಮುಂದಕ್ಕೆ ಬಾಗಿ, ಮೂರನೆಯ ಸಲ, ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು.

ಕೊಟ್ರಬಸಪ್ಪ ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡ. ಎರಡೂ ಕೈ ಎತ್ತಿ ಢಬಢಬ ಬಾರಿಸಲು ಶುರುಮಾಡಿದ. ಕುರುಗೋಡು ಬರುವ ತನಕ ನಿಲ್ಲಿಸಲಿಲ್ಲ.